ಸ್ಪರ್ಧೆಯೂ ಅಸೂಯೆಯೂ

ಕರೆಯುವುದೆಂಬ ಅರ್ಥವುಳ್ಳ ‘ಹ್ವೇ’ ಧಾತುವಿಗೆ ‘ಆ’ ಎಂಬ ಉಪಸರ್ಗವು ಸೇರಿದಾಗ, ಆ ಕರೆಯು ಸ್ಪರ್ಧೆಯ ಕರೆಯಾಗಿದ್ದಲ್ಲಿ ಆತ್ಮನೇಪದವು ಬರತಕ್ಕದ್ದೆಂದು ಪಾಣಿನಿಯು ವಿಧಿಸಿದ್ದಾನೆ. ಈ ಸೂತ್ರಕ್ಕೆ ಕಾಶಿಕಾವೃತ್ತಿಯಲ್ಲಿ ಕೊಟ್ಟಿರುವ ಉದಾಹರಣೆಗಳು ಎರಡು. ಮಲ್ಲನು ಮಲ್ಲನನ್ನು ಕರೆಯುವುದು ಒಂದು. ವಿದ್ಯಾರ್ಥಿಯು ವಿದ್ಯಾರ್ಥಿಯನ್ನು ಕರೆಯುವುದು ಇನ್ನೊಂದು. ಗೋವಳನು ಹಸುವನ್ನು ಕರೆಯುವಲ್ಲಿ ಈ ವಿಧಿಯು ಸಲ್ಲುವುದಿಲ್ಲ. ಏಕೆಂದರೆ ಅಲ್ಲಿ ಸ್ಪರ್ಧೆಯಿಲ್ಲ. ಸ್ಪರ್ಧೆಯೆಂಬುದು ಸಮಾನನು ಸಮಾನನನ್ನು ಕರೆಯುವ ಕರೆಯೆಂಬ ಭಾವವು ಈ ಉದಾಹರಣೆಗಳಲ್ಲಿಯೇ ಅಡಗಿದೆ. ಅದೇ ಧಾತುವಿನಿಂದ ಬಂದ ‘ಆಹ್ವಾನ’ ಶಬ್ದವು ಕನ್ನಡದಲ್ಲಿ ಮದುವೆಯ ಪತ್ರಿಕೆಗೂ ಸಲ್ಲುತ್ತದೆ, ಕುಸ್ತಿಯ ಕಣಕ್ಕೂ ಸಲ್ಲುತ್ತದೆ. ಎದುರಾಳಿಯು ಕರೆದಾಗ ಬಂದವನು. ಅವನು ಬಾರದಿದ್ದರೆ ಆಟವೇ ಇಲ್ಲ. ಈ ಸಣ್ಣ ಮಾತನ್ನು ಮರೆತಲ್ಲಿ ಆಟವು ಎಷ್ಟು ಬೇಗ ಕಾಳಗವಾಗುವುದೆಂಬುದಕ್ಕೆ ದೇಶವಿದೇಶಗಳ ಚರಿತ್ರೆಯಲ್ಲಿ ದೃಷ್ಟಾಂತಗಳು ಬೇಕಾದಷ್ಟಿವೆ.

ಸ್ಪರ್ಧೆಯು ಕೆಡುವ ಕ್ರಮವನ್ನು ಅರಿಯುವುದಕ್ಕೂ ಕೋಶಕಾರನ ನೆರವು ದೊರೆಯುತ್ತದೆ. ಪರರ ಏಳಿಗೆಯನ್ನು ಸಹಿಸದಿರುವುದು ಈರ್ಷ್ಯೆಯೆಂದೂ, ಗುಣವಿದ್ದಲ್ಲಿಯೂ ದೋಷವನ್ನು ಆರೋಪಿಸುವುದು ಅಸೂಯೆಯೆಂದೂ ಅಮರಸಿಂಹನು ಬೇರ್ಪಡಿಸಿದ್ದಾನೆ. ಲೋಕವ್ಯವಹಾರದಲ್ಲಿ ಈ ಎರಡು ಶಬ್ದಗಳೂ ಒಂದೇ ಆಗಿ ಹೋಗಿವೆ. ಆದರೆ ಆಟದ ಬಯಲಿನಲ್ಲಿ ಈ ಭೇದವು ಕಣ್ಣಿಗೆ ಕಟ್ಟಿದಂತೆ ಕಾಣುವುದು. ಗೆಲ್ಲಬೇಕೆಂಬುದು ಸ್ಪರ್ಧೆ. ಅವನು ಗೆದ್ದನಲ್ಲಾ ಎಂಬ ಉರಿಯು ಈರ್ಷ್ಯೆ. ಅವನು ಗೆದ್ದದ್ದು ಮೋಸದಿಂದಲೇ ಇರಬೇಕೆಂಬ ನಿಶ್ಚಯವು ಅಸೂಯೆ. ಮೊದಲನೆಯದಿಲ್ಲದೆ ಆಟವಿಲ್ಲ, ಮೂರನೆಯದು ಬಂದ ಮೇಲೆ ಆಟವು ಉಳಿಯುವುದಿಲ್ಲ.

ಆಟಕ್ಕೆ ಕಟ್ಟುಪಾಡುಗಳಿರಬೇಕೆಂಬ ವಿಚಾರವು ಆಂಗ್ಲರ ಶಾಲೆಗಳಿಂದ ಈ ನಾಡಿಗೆ ಬಂದುದೆಂದು ತಿಳಿಯುವವರು ಬೀದರ ಜಿಲ್ಲೆಯೊಳಗೇ ಇರುವ ಬಸವಕಲ್ಯಾಣವನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು. ಚಾಲುಕ್ಯರ ಆ ರಾಜಧಾನಿಯಲ್ಲಿ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ಮಾನಸೋಲ್ಲಾಸವೆಂಬ ಗ್ರಂಥವನ್ನು ರಚಿಸಿದನು. ಅದರ ವಿನೋದಪ್ರಕರಣದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲ, ಅಭ್ಯಾಸಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಮುಂತಾಗಿ ವಿಂಗಡಿಸಲಾಗಿದೆ. ಕುದುರೆಯ ಮೇಲೆ ಕುಳಿತ ಎರಡು ಪಕ್ಷದವರು ಕೋಲಿನಿಂದ ಚೆಂಡನ್ನು ಹೊಡೆದು ತೋರಣದ ಕಡೆಗೆ ಒಯ್ಯುವ ವಾಹ್ಯಾಳಿಯ ವಿನೋದವೂ ಅದೇ ಗ್ರಂಥದಲ್ಲಿದೆ. ಇಂದು ಹದಿನಾಲ್ಕು ವರ್ಷದೊಳಗಿನವರು, ಹದಿನೇಳು ವರ್ಷದೊಳಗಿನವರು ಎಂದು ಶಾಲಾ ಕ್ರೀಡಾಕೂಟಗಳಲ್ಲಿ ಮಾಡುವ ವಿಭಾಗದ ಹಿಂದಿರುವ ನ್ಯಾಯವೂ ಆ ಮಲ್ಲರ ವಿಂಗಡಣೆಯ ಹಿಂದಿರುವ ನ್ಯಾಯವೂ ಒಂದೇ. ಸಮಾನರಲ್ಲದವರನ್ನು ಎದುರುಬದುರಾಗಿ ನಿಲ್ಲಿಸಿದರೆ ಅದು ವಿನೋದವಲ್ಲ, ಹಿಂಸೆ.

ಕಟ್ಟುಪಾಡನ್ನು ಮೀರಿದವನ ಕಥೆಯೂ ಹಳೆಯದೇ. ಗದಾಶಾಸ್ತ್ರದಲ್ಲಿ ನಾಭಿಯ ಕೆಳಗೆ ಹೊಡೆಯಲಾಗದೆಂಬ ನಿಯಮವುಂಟು. ಭೀಮನು ಅದನ್ನು ಮೀರಿ ದುರ್ಯೋಧನನ ತೊಡೆಯನ್ನು ಮುರಿದನು. ಆಗ ಇಬ್ಬರಿಗೂ ಗದಾಗುರುವಾದ ಬಲರಾಮನು ನೇಗಿಲನ್ನೆತ್ತಿ ಭೀಮನ ಮೇಲೆ ಏರಿಹೋದನೆಂದು ವ್ಯಾಸರು ಶಲ್ಯಪರ್ವದಲ್ಲಿ ಹೇಳುತ್ತಾರೆ. ಶ್ರೀಕೃಷ್ಣನು ಅವನನ್ನು ತಬ್ಬಿ ಹಿಡಿದು, ಭೀಮನ ಪ್ರತಿಜ್ಞೆಯನ್ನೂ ಮೈತ್ರೇಯರ ಶಾಪವನ್ನೂ ನೆನಪಿಸಿ, ಸಮಾಧಾನಪಡಿಸಲೆತ್ನಿಸಿದನು. ಬಲರಾಮನು ನೇಗಿಲನ್ನೇನೋ ಇಳಿಸಿದನು. ಸಮಾಧಾನವನ್ನು ಮಾತ್ರ ಹೊಂದಲಿಲ್ಲ. ಭೀಮನು ಲೋಕದಲ್ಲಿ ಜಿಹ್ಮಯೋಧಿಯೆಂದು, ಅಂದರೆ ವಕ್ರವಾಗಿ ಕಾದಿದವನೆಂದು ಹೆಸರು ಪಡೆಯುವನೆಂದು ನುಡಿದು ದ್ವಾರಕೆಗೆ ಹೊರಟುಹೋದನು. ಕನ್ನಡದಲ್ಲಿ ರನ್ನನು ಭೀಮನನ್ನೇ ನಾಯಕನನ್ನಾಗಿ ಮಾಡಿಕೊಂಡು ಗದಾಯುದ್ಧವನ್ನು ಬರೆದರೂ, ಅದನ್ನೋದಿದವರ ಮನಸ್ಸಿನಲ್ಲಿ ನಿಲ್ಲುವವನು ಸೋತ ದುರ್ಯೋಧನನು. ಭೀಮನ ಪಕ್ಷದಲ್ಲಿ ನ್ಯಾಯವಿತ್ತು, ಹಿಂದಿನ ಅಪಮಾನಗಳ ಲೆಕ್ಕವಿತ್ತು, ದೇವರೇ ಇದ್ದನು. ಅಷ್ಟೆಲ್ಲ ಇದ್ದರೂ ಆ ಒಂದು ಹೊಡೆತದ ಮಟ್ಟಿಗೆ ಗುರುವು ಒಪ್ಪಲಿಲ್ಲ. ತನ್ನ ಪಕ್ಷವು ಒಳ್ಳೆಯದೆಂಬುದು ತಪ್ಪು ಹೊಡೆತಕ್ಕೆ ಉತ್ತರವಾಗಲಾರದೆಂಬುದೇ ಬಲರಾಮನ ನಿಲುವು. ಆಟಕ್ಕೆ ತೀರ್ಪುಗಾರನಾಗಿ ನಿಲ್ಲುವವನಿಗೆ ಇದಕ್ಕಿಂತ ಬೇರೆ ನಿಲುವು ಇರಲಾಗದು.

ವಿದ್ಯಾಲಯಗಳ ಹೆಸರಿನಲ್ಲಿ ಆಡುವ ಆಟದಲ್ಲಿ ಈ ವಕ್ರತೆಯು ಹೇಗೆ ಬೆಳೆಯಿತೆಂಬುದಕ್ಕೆ ಅಮೇರಿಕೆಯ ಕಾಲೇಜುಗಳ ಕಾಲ್ಚೆಂಡಿನ ಚರಿತ್ರೆಯಷ್ಟು ಸ್ಪಷ್ಟವಾದ ದೃಷ್ಟಾಂತವು ಬೇರೊಂದಿಲ್ಲ. ಹೆಸರು ಕಾಲ್ಚೆಂಡಾದರೂ ಅದು ಬರಬರುತ್ತ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಸೀಳಿ ನುಗ್ಗುವ ಆಟವಾಯಿತು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಒಂದೊಂದು ಕಡೆಗೆ 25 ಮಂದಿಯಂತೆ ಆಡಿದುದೇ ಅದರ ಆರಂಭವೆಂದು ಎಣಿಸುತ್ತಾರೆ. ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಅದು ಯುದ್ಧವ್ಯೂಹಗಳ ಮಟ್ಟಕ್ಕೆ ಮುಟ್ಟಿತು. 1892ರಲ್ಲಿ ಹಾರ್ವರ್ಡಿನವರು ಯೇಲ್ ವಿರುದ್ಧ ಒಂದು ಹೊಸ ವ್ಯೂಹವನ್ನು ಹೂಡಿದರು. ಆಟಗಾರರು ದೂರದಿಂದ ಓಡಿಬಂದು ಬಾಣದ ಮೊನೆಯಂತೆ ಕೂಡಿಕೊಂಡು, ಚೆಂಡುಳ್ಳವನನ್ನು ನಡುವೆ ಇಟ್ಟುಕೊಂಡು, ಎದುರಿಗಿರುವ ಒಬ್ಬನ ಮೇಲೆ ಬೀಳುವುದೇ ಅದರ ತಂತ್ರ. 1894ರ ನವೆಂಬರ್ 24ರಂದು ಸ್ಪ್ರಿಂಗ್‌ಫೀಲ್ಡ್ ನಗರದ ಹ್ಯಾಂಪ್ಡೆನ್ ಪಾರ್ಕಿನಲ್ಲಿ ಇವೇ ಎರಡು ವಿದ್ಯಾಲಯಗಳು ಆಡಿದಾಗ ಎಷ್ಟೋ ಹುಡುಗರು ಗಾಯಗೊಂಡು ಹೊರಬಿದ್ದರು. ಮುಂದಿನ ಎರಡು ವರ್ಷ ಅವರೊಳಗೆ ಆಟವೇ ನಡೆಯಲಿಲ್ಲ. ಎರಡೂ ವಿದ್ವತ್ತಿಗೆ ಹೆಸರಾದ ಪೀಠಗಳು. ವಿದ್ವತ್ತು ಆ ದಿನ ಬಯಲಿನ ಹೊರಗೆ ನಿಂತು ನೋಡಿತು.

ಏಟಿಗಿಂತಲೂ ಆಳವಾದ ಕೇಡು ಇನ್ನೊಂದಿತ್ತು. ಗೆಲುವಿಗಾಗಿ ವಿದ್ಯಾರ್ಥಿಯಲ್ಲದವನನ್ನು ವಿದ್ಯಾರ್ಥಿಯೆಂದು ನಿಲ್ಲಿಸುವುದು ಅಲ್ಲಿ ವಾಡಿಕೆಯಾಯಿತು. 1896ರಲ್ಲಿ ಫೀಲ್ಡಿಂಗ್ ಯೋಸ್ಟ್ ಎಂಬವನು ವೆಸ್ಟ್ ವರ್ಜಿನಿಯಾ ವಿದ್ಯಾಲಯವನ್ನು ಬಿಟ್ಟು, ಲಾಫಯೆಟ್ ಕಾಲೇಜಿನ ವಿದ್ಯಾರ್ಥಿಯೆನಿಸಿಕೊಂಡು, ಬಲಿಷ್ಠವಾದ ಪೆನ್ಸಿಲ್ವೇನಿಯಾ ತಂಡದ ಮೇಲೆ ಆ ಕಾಲೇಜಿನ ಪರವಾಗಿ ಆಡಿ, ಅದು ಗೆದ್ದ ಮೇಲೆ ತನ್ನ ಹಳೆಯ ವಿದ್ಯಾಲಯಕ್ಕೆ ಮರಳಿದನು. ಮುಂದೆ ಅವನೇ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಖ್ಯಾತ ಶಿಕ್ಷಕನಾದನು. ಕಡೆಗೆ 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾಲಯಗಳ ಪ್ರತಿನಿಧಿಗಳನ್ನು ತಮ್ಮ ಭವನಕ್ಕೆ ಕರೆಯಿಸಿಕೊಂಡು, ಆಟವನ್ನು ಶುದ್ಧಪಡಿಸಬೇಕೆಂದು ಹೇಳಬೇಕಾಯಿತು. ಆ ವರ್ಷದ ಆಟದಲ್ಲಿ ಸತ್ತ ಹುಡುಗರ ಸಂಖ್ಯೆ 18ಕ್ಕೆ ಕಡಿಮೆಯಿಲ್ಲವೆಂದು ಪತ್ರಿಕೆಗಳು ಲೆಕ್ಕಹಾಕಿದ್ದುವು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಬಹುದೆಂಬ ಹೊಸ ನಿಯಮವು ಬಂದು ಮೈಮೇಲೆ ಬೀಳುವ ಆಟವು ಸ್ವಲ್ಪ ಹರವಾಯಿತು. ಕಾಲೇಜುಗಳೆಲ್ಲ ಸೇರಿ ನಿಯಂತ್ರಣಕ್ಕೆಂದು ಒಂದು ಸಂಘವನ್ನೂ ಕಟ್ಟಿಕೊಂಡವು. ಏಟನ್ನು ತಡೆಯುವ ನಿಯಮವು ಕೆಲವು ವರ್ಷಗಳಲ್ಲಿ ಫಲಿಸಿತು. ಕಳ್ಳಹೆಸರಿನ ವಿದ್ಯಾರ್ಥಿಯನ್ನು ತಡೆಯುವ ಕೆಲಸಕ್ಕೆ ಮಾತ್ರ ಬಹುಕಾಲ ಹಿಡಿಯಿತು. ಏಕೆಂದರೆ ಏಟು ಕಣ್ಣಿಗೆ ಕಾಣುತ್ತದೆ, ಸುಳ್ಳು ಕಾಗದದಲ್ಲಿರುತ್ತದೆ.

ಬೀದರದ ಜನರಿಗೆ ಇದು ಏಳು ಸಮುದ್ರದಾಚೆಯ ಮಾತೆನಿಸಬಹುದು. ಆದರೆ ಕಾಲ್ಚೆಂಡಿನ ಕೀರ್ತಿಯನ್ನು ಈ ಜಿಲ್ಲೆಯು ಹತ್ತಿರದಿಂದಲೇ ಕೇಳಿದೆ. 1956ರ ನವೆಂಬರ್ 1ರ ವರೆಗೆ ಬೀದರವು ಹೈದರಾಬಾದು ರಾಜ್ಯದಲ್ಲಿತ್ತು. ಆ ನಗರದಲ್ಲಿ ಸೈಯದ್ ಅಬ್ದುಲ್ ರಹೀಮರು ಶಾಲೆಯ ಉಪಾಧ್ಯಾಯರಾಗಿದ್ದವರು. ಬಳಿಕ ಹೈದರಾಬಾದು ಸಿಟಿ ಪೋಲೀಸ್ ತಂಡಕ್ಕೆ ಶಿಕ್ಷಕರಾಗಿ, ಆ ತಂಡವು 1950ರಿಂದ 1954ರ ವರೆಗೆ ಐದು ವರ್ಷ ಬಿಡದೆ ರೋವರ್ಸ್ ಕಪ್ಪನ್ನು ಗೆಲ್ಲುವಂತೆ ಮಾಡಿದರು. ಅವರ ಕೈಕೆಳಗೆ ಭಾರತದ ತಂಡವು 1962ರಲ್ಲಿ ಜಕಾರ್ತದ ಏಷ್ಯನ್ ಆಟಗಳಲ್ಲಿ ಅಂತಿಮ ಪಂದ್ಯಕ್ಕೆ ಬಂದಿತು. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಬರಗೊಡದ ವಿಷಯದಲ್ಲಿ ಭಾರತೀಯರೊಬ್ಬರು ಆಕ್ಷೇಪಿಸಿದ್ದರೆಂಬ ಕೋಪದಿಂದ ಅಲ್ಲಿಯ ಪ್ರೇಕ್ಷಕರು ಭಾರತದ ಆಟಗಾರರನ್ನು ಕೂಗಿ ಹೀಯಾಳಿಸಿದರು. ಒಬ್ಬರ ಮಾತಿಗೆ ಹನ್ನೊಂದು ಮಂದಿಯನ್ನು ಶಿಕ್ಷಿಸುವುದು ಗುಂಪಿನ ನ್ಯಾಯ. ತಲೆಗೆ ಗಾಯವಾಗಿದ್ದ ಜರ್ನೈಲ್ ಸಿಂಗರು ಆ ಗದ್ದಲದ ನಡುವೆಯೇ ಒಂದು ಗೋಲು ಹೊಡೆದರು. ಭಾರತವು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿತು. ಆ ದಿನ ಭಾರತದ ಪರವಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರೆಂದು ಆಡಿದವರು ಹೇಳಿದ್ದಾರೆ. ಹಾಕಿಯಲ್ಲಿ ಕಟ್ಟಾ ಎದುರಾಳಿಗಳಾದವರ ಬಾಯಿಂದಲೇ ಅಂಥ ಕೂಗು ಬಂದುದು ಸ್ಪರ್ಧೆ ಬೇರೆ, ಅಸೂಯೆ ಬೇರೆ ಎಂಬುದಕ್ಕೆ ಸಾಕ್ಷಿ. ರಹೀಮರು ಮರುವರ್ಷವೇ ತೀರಿಕೊಂಡರು.

ಇನ್ನು ಊರಿನ ಆಟಗಳಿಗೆ ಬರೋಣ. ಕುಸ್ತಿಯಲ್ಲಿ ವಿವಾದಕ್ಕೆ ಅವಕಾಶವು ಕಡಿಮೆ. ಈ ಭಾಗದ ಜಾತ್ರೆಗಳಲ್ಲಿ ಹುಡುಗರ ತೆಂಗಿನಕಾಯಿಯ ಕುಸ್ತಿಯಿಂದ ತೊಡಗಿ, ಸಂಜೆಗೆ ಬೆಳ್ಳಿಯ ಕಡಗದ ಕುಸ್ತಿಯ ವರೆಗೆ ಜೋಡಿಗಳನ್ನು ಬಿಡುತ್ತಾರೆ. ಹಿರಿಯರು ಇಬ್ಬರ ಕೈಯನ್ನೂ ಹಿಡಿದೆತ್ತಿ, ಮೈಕಟ್ಟನ್ನು ಅಳೆದು ನೋಡಿ, ಜೋಡಿಯು ಸರಿಯಾಯಿತೆಂದು ಸುತ್ತಲಿನವರು ಒಪ್ಪಿದ ಮೇಲೆಯೇ ಮಣ್ಣು ಮುಟ್ಟಿಸುತ್ತಾರೆ. ಬೆನ್ನಿಗೆ ಮಣ್ಣು ಹತ್ತಿತೆಂದರೆ ಸಾವಿರ ಕಣ್ಣುಗಳು ಕಂಡಿರುತ್ತವೆ.

ಕಬಡ್ಡಿಯು ಹಾಗಲ್ಲ. ಗಡಿಭಾಗದ ಮುದುಕರು ಇನ್ನೂ ಹುತುತು ಎಂದು ಕರೆಯುವ ಈ ಆಟಕ್ಕೆ 1923ರಲ್ಲಿ ಬಡೋದೆಯಲ್ಲಿ ನಿಯಮಗಳು ಅಚ್ಚಾದವು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಬರ್ಲಿನ್ನಿನಲ್ಲಿ ಅದನ್ನು ಆಡಿ ತೋರಿಸಿದರು. 1990ರಲ್ಲಿ ಅದು ಏಷ್ಯನ್ ಆಟಗಳಲ್ಲಿ ಸೇರಿತು. ನಿಯಮಗಳು ಎಷ್ಟೇ ಸೂಕ್ಷ್ಮವಾದರೂ ಈ ಆಟದ ಪ್ರಾಣವು ಎರಡು ಗುಟ್ಟುಗಳಲ್ಲಿದೆ. ದಾಳಿಗೆ ಹೋದವನು ಉಸಿರು ಬಿಟ್ಟನೇ ಎಂಬುದು ಒಂದು. ಬೆರಳು ತಗಲಿತೇ ಎಂಬುದು ಇನ್ನೊಂದು. ಉಸಿರು ಬಿಟ್ಟವನಿಗೆ ಅದು ಗೊತ್ತು. ತಗಲಿಸಿಕೊಂಡವನಿಗೆ ಇದು ಗೊತ್ತು. ತೀರ್ಪುಗಾರನು ಊಹಿಸಬಲ್ಲನಷ್ಟೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ನಗರದಲ್ಲಿ ಭಾರತಕ್ಕೂ ಇರಾನಿಗೂ ನಡೆದ ಅಂತಿಮ ಪಂದ್ಯವು ಒಂದು ದಾಳಿಯ ತೀರ್ಪಿನಿಂದ ಬಹಳ ಹೊತ್ತು ನಿಂತುಹೋಯಿತು. ತೀರ್ಪು ಮೇಲಿಂದ ಮೇಲೆ ಬದಲಾಯಿತು. ಆಟಗಾರರು ಅಂಕಣದಲ್ಲಿಯೇ ಕುಳಿತು ಪ್ರತಿಭಟಿಸಿದರು. ಕಡೆಗೆ ಭಾರತವು 33-29ರಿಂದ ಗೆದ್ದಿತು. ಅಷ್ಟೊಂದು ಯಂತ್ರದ ಕಣ್ಣುಗಳಿದ್ದಲ್ಲಿಯೇ ಹೀಗಾದರೆ, ಒಂದು ಸೀಟಿ ಮತ್ತು ಒಂದು ಸುಣ್ಣದ ಗೆರೆಯನ್ನು ನಂಬಿ ಆಡುವ ಶಾಲೆಯ ಹುಡುಗರ ಗತಿಯೇನೆಂಬುದನ್ನು ಯೋಚಿಸಬೇಕು.

ಭಾಲ್ಕಿ, ಔರಾದ ತಾಲೂಕುಗಳ ಕಪ್ಪು ಭೂಮಿಯಲ್ಲಿ ಆಡಿ ಬೆಳೆದ ಹುಡುಗರು ತಾಲೂಕಿನ ಕೂಟದಲ್ಲಿ ಗೆದ್ದರೆ, ಜಿಲ್ಲೆಯ ಕೂಟಕ್ಕೆ ಬೀದರದ ಕೆಂಪು ಮಣ್ಣಿಗೆ ಬರುತ್ತಾರೆ. ಅಲ್ಲಿ ಗೆದ್ದವರು ಕಲಬುರಗಿಯ ವಿಭಾಗಕ್ಕೆ ಹೋಗುತ್ತಾರೆ. ಹೀಗೆ ಕೆಲವು ವರ್ಷಗಳ ಕೆಳಗೆ ಈ ಎರಡು ತಾಲೂಕುಗಳ ಎರಡು ಶಾಲೆಗಳು ಕಬಡ್ಡಿಯ ಕೊನೆಯ ಪಂದ್ಯದಲ್ಲಿ ಎದುರಾದುವು. ಶಾಲೆಗಳ ಹೆಸರು ಇಲ್ಲಿ ಬೇಕಿಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಭಾಷೆಗಳಲ್ಲಿ ಕೂಗು ನಡೆದಿತ್ತು. ಅಂಕಗಳು ಸಮವಾಗಿದ್ದುವು. ಕೊನೆಯ ದಾಳಿಗೆ ಬಂದ ಭಾಲ್ಕಿಯ ಹುಡುಗನು ಕೈಚಾಚಿ, ಏನೂ ಸಿಕ್ಕಲಿಲ್ಲವೆಂದು ತಿಳಿದು, ತಲೆ ತಗ್ಗಿಸಿಕೊಂಡು ಹಿಂದಿರುಗಿದನು. ಸೀಟಿಯು ಊದಲಿಲ್ಲ. ಅಷ್ಟರಲ್ಲಿ ಔರಾದದ ಕಡೆಯ ಮೂಲೆಯ ಹುಡುಗನೊಬ್ಬನು ಕೈಯೆತ್ತಿ ಗೆರೆಯ ಹೊರಗೆ ನಡೆದನು.

“ಯಾಕೋ ತಮ್ಮಾ, ಯಾಕ ಹೊರಗ ಹೊಂಟಿ?” ಎಂದು ತೀರ್ಪುಗಾರರು ಕೇಳಿದರು.

“ಸರ್, ಅಂವನ ಬೆರಳು ನನ್ನ ಮೊಣಕೈಗಿ ತಗಲ್ಯಾದ” ಎಂದನು ಹುಡುಗ.

ಅದೊಂದು ಅಂಕದಿಂದ ಭಾಲ್ಕಿಯವರು ಗೆದ್ದರು. ಗೆದ್ದ ಹುಡುಗನೇ ಕ್ಷಣಹೊತ್ತು ಬೆರಗಾಗಿ ನಿಂತಿದ್ದನೆಂದು ಕಂಡವರು ಹೇಳುತ್ತಾರೆ. ಸೋತ ಪಕ್ಷದ ಹುಡುಗರು ಇವನನ್ನು ಸುತ್ತುಗಟ್ಟಿ, “ಸೀಟಿ ಹೊಡದಿದ್ದಿಲ್ಲಲ್ಲ, ನೀ ಯಾಕ ಎದ್ದಿ?” ಎಂದು ಕೇಳಿದರು. ಈ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ.

ಈರ್ಷ್ಯೆಯು ಅಸೂಯೆಯಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರಿನಿಂದ ಬಂದಿದ್ದ ಹಿರಿಯರಲ್ಲಿ ಒಬ್ಬರು, ಭಾಲ್ಕಿಯ ತಂಡದಲ್ಲಿ ಒಬ್ಬನ ವಯಸ್ಸು ಹದಿನೇಳನ್ನು ಮೀರಿದೆಯೆಂದರು. ಇನ್ನೊಬ್ಬರು ಅವನ ಮೀಸೆಯನ್ನು ಬೋಳಿಸಿ ತಂದಿದ್ದಾರೆಂದರು. ಇಂಥ ಮೋಸಗಳು ನಡೆಯುವುದೇ ಇಲ್ಲವೆಂದು ಯಾರೂ ಹೇಳಲಾರರು. ಜನ್ಮದಿನಾಂಕವನ್ನು ತಿದ್ದುವುದು, ಬೇರೆ ಶಾಲೆಯ ಆಟಗಾರನನ್ನು ಹಾಜರಿಪಟ್ಟಿಯಲ್ಲಿ ಸೇರಿಸಿಕೊಳ್ಳುವುದು, ಇವೆಲ್ಲ ಕ್ರೀಡಾಕೂಟಗಳನ್ನು ಬಲ್ಲವರಿಗೆ ಹೊಸ ಸುದ್ದಿಗಳಲ್ಲ. ಆದರೆ ಆಟ ತೊಡಗುವ ಮೊದಲು ಯಾರಿಗೂ ಕಾಣದಿದ್ದ ಮೀಸೆಯು ಸೋತ ಮೇಲೆ ಎಲ್ಲರಿಗೂ ಕಂಡಿತೆಂಬುದನ್ನು ಗಮನಿಸಬೇಕು. ಗುಣದಲ್ಲಿ ದೋಷವನ್ನು ಆರೋಪಿಸುವುದೆಂದು ಅಮರಸಿಂಹನು ಹೇಳಿದ್ದು ಇದನ್ನೇ. ಆಟದ ಉಪಾಧ್ಯಾಯರ ಕೈಯಲ್ಲಿ ಒಂದು ತಕರಾರಿನ ಅರ್ಜಿಯನ್ನು ಬರೆದು ಕೊಟ್ಟರು. ಅದನ್ನು ಸಲ್ಲಿಸಿದರೆ ಪಂದ್ಯದ ಫಲಿತಾಂಶವು ತಡೆಯಲ್ಪಡುತ್ತಿತ್ತು. ಉಪಾಧ್ಯಾಯರು ಸಹಿ ಹಾಕುವ ಮೊದಲು ಆ ಹುಡುಗನನ್ನು ಕರೆದು ಕೇಳಿದರು:

“ಆ ಹುಡುಗನ ವಯಸ್ಸು ಹೆಚ್ಚದಂತ ನಿನಗೇನರ ಗೊತ್ತದ ಏನು?”

“ಇಲ್ರಿ ಸರ್. ಅಂವ ನನಗ ಮುಟ್ಟ್ಯಾನಂತ ಅಷ್ಟೇ ಗೊತ್ತದ.”

ಉಪಾಧ್ಯಾಯರು ಅರ್ಜಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಬೀದರದಿಂದ ಸಂತಪುರದ ಮೇಲೆ ಔರಾದಕ್ಕೆ ಹೋಗುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಹುಡುಗನ ಸಂಗಡ ಯಾರೂ ಮಾತಾಡಲಿಲ್ಲ. ಮನೆಯಲ್ಲಿ ಅವನ ಮುತ್ಯಾ ಇದ್ದರು. ಒಂದು ಕಾಲಕ್ಕೆ ಜಾತ್ರೆಗಳಲ್ಲಿ ಕುಸ್ತಿ ಹಿಡಿದವರು. ಎಲ್ಲವನ್ನೂ ಕೇಳಿ ಆ ಮುದುಕರು, “ಬೆನ್ನಿಗಿ ಹತ್ತಿದ ಮಣ್ಣು ಮಂದಿಗಿ ಕಾಣ್ತದ ತಮ್ಮಾ. ನಿನ್ನ ಮೊಣಕೈ ನಿನಗಷ್ಟೇ ಗೊತ್ತು” ಎಂದರಂತೆ. ಅದು ಹೊಗಳಿಕೆಯೋ ಕೇವಲ ಲೋಕಾನುಭವವೋ ಹುಡುಗನಿಗೆ ತಿಳಿಯಲಿಲ್ಲ.

ಕಥೆಯು ಇಲ್ಲಿಗೇ ನಿಂತಿದ್ದರೆ ಬಾಲಬೋಧೆಯ ಪುಸ್ತಕದಲ್ಲಿ ಸೇರಿಸಬಹುದಾಗಿತ್ತು. ಮುಂದಿನ ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಅವನನ್ನು ಎದುರಿಗೆ ನಿಲ್ಲಿಸಿ ಸತ್ಯಸಂಧನೆಂದು ಕೊಂಡಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುವರ್ಷ ತಂಡದ ಪಟ್ಟಿಯನ್ನು ಹಚ್ಚಿದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ಅವನ ಆಟವು ಕುಗ್ಗಿರಲಿಲ್ಲ, ವಯಸ್ಸೂ ಮೀರಿರಲಿಲ್ಲ. ಪಟ್ಟಿಯನ್ನು ಮಾಡಿದವರು ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡ ಆ ಉಪಾಧ್ಯಾಯರೇ. ಈ ಸಲವಾದರೂ ಕಲಬುರಗಿಗೆ ಹೋಗಬೇಕೆಂದು ಊರಿನವರು ಅವರಿಗೆ ಹೇಳಿದ್ದರು. ಯಾರೂ ಹುಡುಗನನ್ನು ಬಿಡಿರೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಆ ಉಪಾಧ್ಯಾಯರನ್ನು ನಿಂದಿಸುವುದು ಸುಲಭ. ಅವರು ಒಮ್ಮೆ ಬಲರಾಮನಂತೆ ನಿಂತರು. ಎರಡನೆಯ ಸಲ ನಿಲ್ಲಲಾರದೆ ಹೋದರು. ಮೊದಲನೆಯ ಸಲ ಅವರ ಮುಂದೆ ಇದ್ದುದು ಒಂದು ಹಾಳೆ; ಎರಡನೆಯ ಸಲ ಇದ್ದುದು ಇಡೀ ಊರು. ಸತ್ಯವನ್ನು ಸೋಮವಾರದ ಪ್ರಾರ್ಥನೆಯಲ್ಲಿ ಹೊಗಳುವುದಕ್ಕೆ ವೆಚ್ಚವಿಲ್ಲ. ಅದನ್ನು ಮುಂದಿನ ವರ್ಷದ ಪಟ್ಟಿಯಲ್ಲಿ ಸೇರಿಸಿಕೊಳ್ಳುವುದಕ್ಕೆ ಒಂದು ಅಂಕವೋ, ಒಂದು ಕಪ್ಪೋ ವೆಚ್ಚವಾಗಬಹುದು. ಆ ವೆಚ್ಚವನ್ನು ಹೊರುವುದಕ್ಕೆ ಊರು ಸಿದ್ಧವಿಲ್ಲದಿದ್ದಾಗ ಉಪಾಧ್ಯಾಯನೊಬ್ಬನಿಂದ ಅದನ್ನು ಹೊರಿಸುವುದು ನ್ಯಾಯವಲ್ಲ. ಅಮೇರಿಕೆಯ ವಿದ್ಯಾಲಯಗಳಲ್ಲಿಯೂ ನಡೆದದ್ದು ಇದೇ. ಕಳ್ಳಹೆಸರಿನ ವಿದ್ಯಾರ್ಥಿಯನ್ನು ನಿಲ್ಲಿಸಿದವರು ಹುಡುಗರಲ್ಲ. ಗೆಲುವನ್ನು ಬೇಡುತ್ತಿದ್ದ ಹಿರಿಯರು. ಹುಡುಗನು ಬಯಲಿನಲ್ಲಿ ಮಾಡುವ ಮೋಸವು ಬಹುಮಟ್ಟಿಗೆ ಹಿರಿಯರು ಮನೆಯಲ್ಲಿಯೂ ಕಚೇರಿಯಲ್ಲಿಯೂ ಮೊದಲೇ ಬರೆದುಕೊಟ್ಟ ಪಾಠ.

ಇದಕ್ಕೆ ಮದ್ದೇನೆಂದರೆ ದೊಡ್ಡ ಮಾತುಗಳೇನೂ ಬೇಕಾಗಿಲ್ಲ. ಜನ್ಮದಿನಾಂಕದ ದಾಖಲೆಗಳನ್ನು ಪಂದ್ಯಕ್ಕೆ ಮೊದಲೇ ಎರಡೂ ಪಕ್ಷದವರು ಕೂಡಿ ನೋಡಿ ಒಪ್ಪಬೇಕು. ಜಾತ್ರೆಯ ಹಿರಿಯರು ಜೋಡಿಯನ್ನು ನೋಡಿ ಒಪ್ಪುವಂತೆಯೇ ಇದು. ಒಪ್ಪಿದ ಮೇಲೆ ಸೋತವರಿಗೆ ಮೀಸೆಯು ಕಾಣಬಾರದು. ತೀರ್ಪುಗಾರರು ಎರಡೂ ತಾಲೂಕಿಗೆ ಸೇರದವರಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಾನಾಗಿ ಕೈಯೆತ್ತಿ ಹೊರಗೆ ನಡೆದ ಹುಡುಗನ ಹೆಸರನ್ನು ಮರುವರ್ಷದ ಪಟ್ಟಿಯಲ್ಲಿ ಮೊದಲು ಬರೆದು, ಉಳಿದ ಹೆಸರುಗಳನ್ನು ಆಮೇಲೆ ಬರೆಯುವ ವಾಡಿಕೆಯು ಯಾವುದಾದರೊಂದು ಶಾಲೆಯಲ್ಲಿ ತೊಡಗಬೇಕು. ಆ ಶಾಲೆಯು ಒಂದೆರಡು ವರ್ಷ ಸೋಲಬಹುದು. ಕಲಬುರಗಿಯ ಬಸ್ಸು ಅದನ್ನು ಬಿಟ್ಟು ಹೋಗಬಹುದು.

ಆ ಹುಡುಗನು ಈಗ ಓದು ಮುಗಿಸಿ ಔರಾದದ ಹತ್ತಿರ ಹೊಲ ನೋಡಿಕೊಂಡಿದ್ದಾನೆ. ಸಂಜೆಯ ಹೊತ್ತು ಓಣಿಯ ಚಿಕ್ಕ ಹುಡುಗರು ಕಬಡ್ಡಿಯಾಡುವಾಗ ಗೆರೆ ಎಳೆದು ಕೊಡುವವನು ಅವನೇ. ಜಗಳ ಬಂದಾಗ ಹುಡುಗರು ಅವನನ್ನು ಕೇಳುತ್ತಾರೆ. ಅವನು ತೀರ್ಪು ಹೇಳುವುದಿಲ್ಲ. ತಗಲಿಸಿಕೊಂಡವನ ಕಡೆಗೆ ನೋಡುತ್ತ ನಿಲ್ಲುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, ಹೆಚ್ಚಾಗಿ, ಯಾವನಾದರೊಬ್ಬನು ತಾನಾಗಿಯೇ ಹೊರಗೆ ಬಂದು ಕೂಡುತ್ತಾನೆ.